ಆಷಾಢದಲ್ಲಿ ಬಂದ ಕಾರ್ಡು

ನಮ್ಮ ಅಕ್ಕ ಉಮಾಮಹೇಶ್ವರಿಯ ವಿಷಯ ಬರೆಯಲು ಕೂತರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ. ಇರಲಿ, ಬರೆದೇ ಬಿಡುತ್ತೇನೆ. ನಾನು ಚಿದಾನಂದ. ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ ನನ್ನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಮನೆಯವರು ಹೇಳುವ ಪ್ರಕಾರ ನನಗೆ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ, ಮೇಲಾಗಿ ಕೇಳದವರಿಗೂ ಬುದ್ಧಿ ಹೇಳುವ ಚಾಳಿ. ಮೂರೂ ನಿಜ.

ಅಕ್ಕ ಹಾಗಲ್ಲ. ಚಿಕ್ಕವಳಿದ್ದಾಗ ಅಮ್ಮ ಕರಿಬೇವು ತರಲು ಕಳಿಸಿದರೆ ಬೀದಿಯಲ್ಲಿ ನಿಂತು ಮೋಡ ನೋಡುತ್ತಿದ್ದಳು. ಬೈಸಿಕೊಂಡು ಮತ್ತೆ ಹೋದರೂ ಮತ್ತೆ ನಿಲ್ಲುತ್ತಿದ್ದಳು. ಈಗ ಅರವತ್ತು ತುಂಬಿದೆ. ಬೆಂಗಳೂರಿನ ಶ್ರೀನಗರದ ಮಹಡಿ ಮನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಸುತ್ತಲಿನ ಅಂಗಡಿಗಳಿಗೆ ಹಾಕುತ್ತಾಳೆ. ಬಾಣಲೆಯ ಮುಂದೆ ನಿಂತಾಗ ಮನಸ್ಸು ಎಲ್ಲಿರುತ್ತದೋ ಆ ಶಿವನೇ ಬಲ್ಲ. ಆದರೂ ಇದುವರೆಗೆ ಒಂದು ಚಕ್ಕುಲಿಯೂ ಸೀದದ್ದನ್ನು ನಾನು ಕಂಡಿಲ್ಲ.

ಅವಳ ಗಂಡ, ನಮ್ಮ ಭಾವ ಸೋಮನಾಥ್, ಬೋರ್ಡ್ ಬರೆಯುತ್ತಿದ್ದವರು. ಅಂಗಡಿ ಬೋರ್ಡು ಹೊಟ್ಟೆಪಾಡಿಗೆ, ಸ್ಟುಡಿಯೋ ಪರದೆ ಸಂತೋಷಕ್ಕೆ. ಹನುಮಂತನಗರ, ಬನಶಂಕರಿ ಕಡೆಯ ಫೋಟೋ ಸ್ಟುಡಿಯೋಗಳಲ್ಲಿ ಒಂದು ಕಾಲಕ್ಕೆ ಮದುವೆಯಾದ ಜೋಡಿಗಳು ಭಾವ ಬರೆದ ಹಿಮದ ಬೆಟ್ಟದ ಮುಂದೆಯೇ ನಿಲ್ಲುತ್ತಿದ್ದವು. ದೇವಸ್ಥಾನದ ಗೋಡೆಗಳಿಗೂ ಎಷ್ಟೋ ಕೈಲಾಸ ಬರೆದರು. ಹಿಮವನ್ನು ಮಾತ್ರ ಒಂದು ದಿನವೂ ಕಂಡವರಲ್ಲ. ಕೇಳಿದರೆ, "ಫ್ರಿಜ್ ಬಾಗಿಲು ತೆಗೆದು ನೋಡ್ಕೊಂಡು ಬರೆದಿದ್ದು ಕಣಯ್ಯ" ಎಂದು ನಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಅವರ ಕಣ್ಣಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೇ ತಡವಾಗಿತ್ತು. ಜಯನಗರದ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಹೋದ ದೃಷ್ಟಿ ಬರುವುದಿಲ್ಲ, ಔಷಧಿ ಹಾಕಿದರೆ ಉಳಿದದ್ದು ಇನ್ನೊಂದಿಷ್ಟು ವರ್ಷ ಇರಬಹುದು, ಎಷ್ಟೆಂದು ಹೇಳಲಾಗದು. ಮೂವರೂ ಬಸ್ಸಿನಲ್ಲಿ ವಾಪಸು ಹೊರಟೆವು. ಆಶ್ರಮದ ಸರ್ಕಲ್ ದಾಟಿದ ಮೇಲೆ ಅಕ್ಕ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು.

"ರೀ, ಕಣ್ಣಿರೋವಾಗ್ಲೇ ನಿಮಗೆ ನಿಜವಾದ ಹಿಮ ತೋರಿಸ್ತೀನಿ."

"ನಿನ್ನ ತವರುಮನೆ ಅಲ್ವೇನೇ ಅದು, ನೀನೇ ಕರ್ಕೊಂಡು ಹೋಗ್ಬೇಕು" ಎಂದರು ಭಾವ. ಉಮೆ ಹಿಮವಂತನ ಮಗಳಲ್ಲವೇ, ಆ ತಮಾಷೆ. ನಾನು ತಡೆಯಲಾರದೆ ಟಿಕೆಟ್ ನಾನು ತೆಗೆಸುತ್ತೇನೆ ಎಂದೆ. ಅಕ್ಕ ತಿರುಗಿಯೂ ನೋಡಲಿಲ್ಲ. "ನೀನು ಸುಮ್ನಿರು ಚಿದು. ನಮ್ಮೆಜಮಾನ್ರಿಗೆ ನಾನೇ ತೋರಿಸ್ಬೇಕು."

ಅದಕ್ಕೆ ಅವಳು ಹಿಡಿದ ದಾರಿ ಕ್ರೆಡಿಟ್ ಕಾರ್ಡು. ಬನಶಂಕರಿಯ ಹೋಲ್‌ಸೇಲ್ ಅಂಗಡಿಯಲ್ಲಿ ಕಾರ್ಡ್ ಮಾರುವವರು ಹೇಳಿದ್ದರಂತೆ, ಇದರಲ್ಲಿ ಸಾಮಾನು ಕೊಂಡರೆ ಪಾಯಿಂಟ್ ಬರುತ್ತದೆ, ಪಾಯಿಂಟ್ ಕೂಡಿದರೆ ವಿಮಾನದ ಟಿಕೆಟ್ ಸಿಗುತ್ತದೆ ಎಂದು. ಹೇಗೂ ತಿಂಗಳಿಗಿಷ್ಟು ಎಣ್ಣೆ, ಅಕ್ಕಿ ಹಿಟ್ಟು, ಉದ್ದಿನಬೇಳೆ ಕೊಳ್ಳಲೇಬೇಕು. ಎಲ್ಲವನ್ನೂ ಆ ಕಾರ್ಡಿನಲ್ಲೇ ಕೊಂಡಳು. ಡೆಹ್ರಾಡೂನ್‌ಗೆ ಎರಡು ಟಿಕೆಟ್, ಅಲ್ಲಿಂದ ಕಾರಿನಲ್ಲಿ ಊಖೀಮಠ. ಚಳಿಗಾಲದಲ್ಲಿ ಅದರ ಮೇಲಿನ ದಾರಿಯಲ್ಲಿ ಹಿಮ ಕೈಗೇ ಸಿಗುತ್ತದೆಂದು ಯಾರೋ ಹೇಳಿದ್ದರು.

ಪಾಯಿಂಟನ್ನು ಅಕ್ಕ ಅಂಕಿಯಲ್ಲಿ ನೋಡಲೇ ಇಲ್ಲ. ಹಳೇ ಅಟ್ಲಾಸ್ ಒಂದನ್ನು ತೆಗೆದು, ಬೆಂಗಳೂರಿನಿಂದ ಡೆಹ್ರಾಡೂನ್‌ವರೆಗಿನ ದಾರಿಗೆ ಪಾಯಿಂಟುಗಳನ್ನು ಹಂಚಿಬಿಟ್ಟಳು. ಸಂಜೆ ಬಾಣಲೆ ಇಳಿಸಿದ ಮೇಲೆ ಭಾವನ ಪಕ್ಕ ಕೂತು, ಇವತ್ತು ಎಲ್ಲಿಗೆ ಬಂದೆವು ಎಂದು ಹೇಳುವುದು ಅವಳ ಪದ್ಧತಿ. "ಎರಡು ಟಿನ್ ಎಣ್ಣೆ ತಗೊಂಡೆ ಕಣ್ರೀ, ಕರ್ನೂಲು ದಾಟಿದ್ವಿ. ತುಂಗಭದ್ರೇಲಿ ನೀರಿದೆ." ಯಾವತ್ತೂ ನೋಡದ ಊರುಗಳು. ನಾಗಪುರದಲ್ಲಿ ಕಿತ್ತಳೆ ಗಾಡಿಗಳ ಸಾಲು, ಝಾನ್ಸಿಯಲ್ಲಿ ಕೋಟೆಯ ಮೇಲೆ ಗಿಳಿಗಳು. ಭಾವ ಕಣ್ಣು ಮುಚ್ಚಿ ಕೇಳುತ್ತಿದ್ದರು, ನಡುವೆ ಗೋಡೆಯ ಬಣ್ಣ ಯಾವುದು, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ವಿಚಾರಿಸುತ್ತಿದ್ದರು. ಅಂಗಡಿ ಮುಚ್ಚಿ ಅವರ ಮನೆಗೆ ಹೋದವನು ನಾನೂ ಎಷ್ಟೋ ಸಲ ಕಾಫಿ ಆರಿಸಿಕೊಂಡು ಕೂತಿದ್ದೇನೆ.

ಹೀಗೆ ಮೂರೂವರೆ ವರ್ಷ. ಈ ಸಲದ ಬೇಸಿಗೆ ಮುಗಿಯುವಾಗ ಹರಿದ್ವಾರ ಮುಟ್ಟಿದ್ದರು. ಇನ್ನೊಂದು ಹೆಜ್ಜೆ ಅಷ್ಟೇ.

ಅಷ್ಟರಲ್ಲಿ ವಿಮಾನದ ಕಂಪನಿ ಹಳೇ ಬ್ಯಾಂಕನ್ನು ಬಿಟ್ಟು ಇನ್ನೊಂದು ಬ್ಯಾಂಕಿನ ಜೊತೆ ಸೇರಿಕೊಂಡಿತು. ಹಳೇ ಕಾರ್ಡು ತಿಂಗಳ ಕೊನೆಗೆ ನಿಲ್ಲುತ್ತದೆ, ಹೊಸ ಬ್ಯಾಂಕಿನಿಂದ ಹೊಸ ಕಾರ್ಡು ಬರುತ್ತದೆ, ಅದನ್ನು ಚಾಲೂ ಮಾಡಿದ ಮೇಲೆ ಪಾಯಿಂಟುಗಳು ಅದಕ್ಕೆ ಬಂದು ಸೇರುತ್ತವೆ ಎಂದು ಮೆಸೇಜು ಬಂತು. ಅಕ್ಕ ಒಪ್ಪಿಗೆ ಕೊಟ್ಟಳು. ಕಾರ್ಡು ಬಂತು. ಬಂದದ್ದು ಆಷಾಢದ ಎರಡನೇ ದಿನ.

"ಚಿದು, ಏನೋ ಚಾಲೂ ಮಾಡ್ಬೇಕಂತೆ, ಬಂದು ಮಾಡ್ಕೊಡ್ತೀಯಾ?" ಎಂದು ಅಕ್ಕ ಫೋನು ಮಾಡಿದಳು.

"ಆಷಾಢದಲ್ಲಿ ಹೊಸದು ಯಾರಾದ್ರೂ ಶುರು ಮಾಡ್ತಾರಾ? ನಮ್ಮಂಗಡೀಲಿ ಒಂದು ಹೊಸ ರ‍್ಯಾಕ್ ಸಹ ಹಾಕಿಸಲ್ಲ ನಾನು. ದೇವರ ಮುಂದೆ ಇಡು. ಶ್ರಾವಣದ ಮೊದಲನೇ ಸೋಮವಾರ ಪೂಜೆ ಮಾಡಿ ಶುರು ಮಾಡೋಣ."

"ಅಷ್ಟು ದಿನ ಬಿಟ್ರೆ ಏನೂ ಆಗಲ್ವೇನೋ?"

"ಬ್ಯಾಂಕ್ ಏನು ಓಡಿ ಹೋಗುತ್ತಾ?" ಎಂದೆ. ಎಷ್ಟು ಗತ್ತಿನಿಂದ ಎಂದೆನೆಂದರೆ, ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅಕ್ಕ ಕವರು ಒಡೆಯದೆ ದೇವರ ಗೂಡಿನಲ್ಲಿಟ್ಟು, ಮೇಲೆ ವಿಭೂತಿ ಹಚ್ಚಿದಳು. ಆ ತಿಂಗಳು ಸಂಜೆಗಳಲ್ಲಿ ಅವರ ಪಯಣ ಮುಂದೆ ಹೋಗಲಿಲ್ಲ. ಆಷಾಢ ಎಂದು ಹರಿದ್ವಾರದ ಛತ್ರದಲ್ಲಿ ಉಳಿದುಕೊಂಡಿದ್ದೇವೆ ಎಂದಳು. "ಹೌದು, ಗಂಗೆ ಸದ್ದು ಕೇಳ್ತಿದೆ" ಎಂದರು ಭಾವ. "ಅದು ಎಣ್ಣೆ ಸದ್ದು ಕಣ್ರೀ, ಒಲೆ ಆರಿಸಿಲ್ಲ" ಎಂದು ಎದ್ದು ಹೋದಳು. ನಾವು ನಕ್ಕೆವು. ಅಷ್ಟು ನೆಮ್ಮದಿಯ ಆಷಾಢ ನನಗೆ ನೆನಪಿಲ್ಲ.

ಆ ನಡುವೆ ಬ್ಯಾಂಕಿನಿಂದ ಮೂರು ಸಲ ಫೋನು ಬಂದಿತ್ತಂತೆ. ಓಟಿಪಿ ಕೊಟ್ಟರೆ ಕಾರ್ಡು ಉಳಿಯುತ್ತದೆ ಎಂದು ಅವರು, ಓಟಿಪಿ ಎಂಬ ಮಾತು ಬಿದ್ದ ಕೂಡಲೇ ಕಟ್ ಮಾಡು ಎಂದು ಮೊದಲೇ ಗಿಳಿಪಾಠ ಹೇಳಿಕೊಟ್ಟ ತಮ್ಮ ನಾನು. ಅಕ್ಕ ನನ್ನ ಮಾತು ಕೇಳಿದಳು, ಮೂರು ಸಲವೂ ಕಟ್ ಮಾಡಿದಳು.

ಶ್ರಾವಣ ಸೋಮವಾರ ಬೆಳಗ್ಗೆ ಬಿಲ್ವಪತ್ರೆ ಏರಿಸಿ, ಕವರು ಒಡೆದು, ಮೊದಲ ಖರೀದಿಯಲ್ಲೇ ಚಾಲೂ ಆಗಲೆಂದು ಬನಶಂಕರಿಗೆ ಹೋದೆವು. ಎರಡು ಟಿನ್ ಎಣ್ಣೆ. ಮಿಷನ್ನು ಕಾರ್ಡನ್ನು ಒಪ್ಪಲಿಲ್ಲ. ಮತ್ತೆ ಹಾಕಿದರೂ ಇಲ್ಲ. ಅಲ್ಲಿಂದ ಆಟೋ ಹಿಡಿದು ಜಯನಗರದ ಬ್ರಾಂಚಿಗೆ ಹೋದರೆ, ಲಿಖಿತಾ ಎಂಬ ಹುಡುಗಿ ಕಂಪ್ಯೂಟರು ನೋಡಿ ನಿಧಾನವಾಗಿ ಹೇಳಿದಳು.

"ಕಾರ್ಡ್ ಇಶ್ಯೂ ಆಗಿ ಮೂವತ್ತು ದಿನದೊಳಗೆ ಆಕ್ಟಿವೇಟ್ ಆಗ್ಲಿಲ್ಲ ಸಾರ್. ಕನ್ಸೆಂಟಿಗೆ ಫೋನ್ ಮಾಡಿದ್ರೂ ಓಟಿಪಿ ಸಿಕ್ಕಿಲ್ಲ. ರೂಲ್ ಪ್ರಕಾರ ಅಕೌಂಟ್ ಕ್ಲೋಸ್ ಆಗಿದೆ. ಪಾಯಿಂಟ್ಸ್ ಸೊನ್ನೆ ತೋರಿಸ್ತಿದೆ."

ನಾನು ಕೂಗಾಡಿದೆ. ಬ್ಯಾಂಕು ಕಳ್ಳರ ಸಂತೆ ಎಂದೆ, ಮ್ಯಾನೇಜರನ್ನು ಕರೆಯಿರಿ ಎಂದೆ. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಆಷಾಢ ಅಂತ ಇಟ್ಟಿದ್ವಿ" ಎಂಬ ಮಾತು ಬಾಯಿಂದ ಹೊರಬಿದ್ದಾಗ ಅದು ನನ್ನ ಕಿವಿಗೇ ಕೇಳಿಸಿತು. ಮೂರೂವರೆ ವರ್ಷ ಒಲೆಯ ಮುಂದೆ ನಿಂತು ಕೂಡಿಸಿದ್ದನ್ನು ನಾನು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಮಾಡಿದ್ದೆ.

ಅಕ್ಕ ಒಂದೇ ಮಾತು ಕೇಳಿದಳು. "ಹೋದ ಪಾಯಿಂಟು ಎಲ್ಲಿಗೆ ಹೋಗುತ್ತಮ್ಮ?"

ಆ ಹುಡುಗಿ ಕುರ್ಚಿ ಎಳೆದು ಅಕ್ಕನನ್ನು ಕೂರಿಸಿ, ತಾನೇ ಒಂದು ದೂರು ಬರೆದುಕೊಟ್ಟಳು. "ಫೋನ್ ಕಟ್ ಮಾಡಿದ್ದು ಫ್ರಾಡ್ ಭಯಕ್ಕೆ ಅಂತ ಹಾಕಿದೀನಿ ಆಂಟಿ. ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ. ಕೇಳಿ ನೋಡೋಣ."

ಆ ಸಂಜೆ ಭಾವ ಎಂದಿನಂತೆ ಕೇಳಿದರು, "ಉಮಾ, ಇವತ್ತು ಎಲ್ಲಿದೀವಿ?"

ಪಾಯಿಂಟು ಸೊನ್ನೆ ಎಂದರೆ ಲೆಕ್ಕಕ್ಕೆ ಅವರಿಬ್ಬರೂ ಮತ್ತೆ ಶ್ರೀನಗರದ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ, "ಹರಿದ್ವಾರ ಬಿಟ್ವಿ ಕಣ್ರೀ. ದಾರಿ ಪೂರ್ತಿ ಕಾಡು. ಮಂಜು ಮುಸುಕಿದೆ, ಗಾಡಿ ನಿಧಾನ" ಎಂದಳು. ಹುಟ್ಟಿದಾಗಿನಿಂದ ಸುಳ್ಳು ಹೇಳಿ ಗೊತ್ತಿಲ್ಲದ ಅಕ್ಕ ನನ್ನ ದೆಸೆಯಿಂದ ದಿನಾ ಸುಳ್ಳು ಹೇಳಿದಳು. ವಾರವಾಯಿತು, ತಿಂಗಳಾಯಿತು. ಕಾಡು ಮುಗಿಯಲಿಲ್ಲ.

ನನಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅಕ್ಕ ಅಂಗಡಿಗಳಿಗೆ ತಿಂಡಿ ಹಾಕಲು ಹೋಗಿದ್ದಾಗ ಭಾವನ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಆಷಾಢ, ಓಟಿಪಿ, ಸೊನ್ನೆ, ಯಾವುದನ್ನೂ ಬಿಡಲಿಲ್ಲ. "ನಿಮ್ಮ ಕಾಲಿಗೆ ಬೀಳ್ತೀನಿ ಭಾವ, ಟಿಕೆಟ್ ನಾನು ತೆಗೆಸ್ತೀನಿ. ಇರೋ ಕಣ್ಣು ಹೋಗೋಕೆ ಮುಂಚೆ ಹೋಗ್ಬನ್ನಿ."

ಭಾವ ನಿಪ್ಪಟ್ಟನ್ನು ಒಂದೊಂದೇ ಮುಟ್ಟಿ ಎಣಿಸಿ ಕವರಿಗೆ ಹಾಕುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಅದು ಆಗ್ಲೇ ಹೋಯ್ತು ಚಿದಾನಂದ. ಯುಗಾದಿ ಹೊತ್ತಿಗೇ ಪೂರ್ತಿ ಹೋಗಿತ್ತು. ಬೆಳಕಿದೆಯೋ ಇಲ್ವೋ ಅಷ್ಟೇ ಗೊತ್ತಾಗೋದು."

"ಅಕ್ಕನಿಗೆ?"

"ಹೇಳಿಲ್ಲ. ಹೇಗೆ ಹೇಳ್ಲಿ? ನನಗೆ ತೋರಿಸ್ಬೇಕು ಅಂತ ಒಲೆ ಮುಂದೆ ನಿಂತಿದಾಳೆ. ಕಾಣಲ್ಲ ಅಂದ್ರೆ ಆಗ್ಲೇ ಬಿಟ್ಬಿಡ್ತಾಳೆ. ನೀನೂ ಹೇಳ್ಬೇಡ, ನನ್ನಾಣೆ."

ಆ ದಿನ ಅಂಗಡಿಗೆ ವಾಪಸು ಬಂದವನು ಬಲ್ಬು ಕೇಳಿದವರಿಗೆ ಹೋಲ್ಡರ್ ಕೊಟ್ಟೆ. ಗಂಡನ ಕಣ್ಣು ಹೋದದ್ದು ಹೆಂಡತಿಗೆ ಹೇಳಬಾರದು, ಹೆಂಡತಿಯ ಸುಳ್ಳು ಗಂಡನಿಗೆ ಗೊತ್ತೆಂದೂ ಹೇಳಬಾರದು, ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಲು ಬಾಯಿಬಡುಕನಾದ ನಾನು. ಜೀವಮಾನದಲ್ಲಿ ಅಷ್ಟು ದಿನ ಬಾಯಿ ಮುಚ್ಚಿಕೊಂಡವನಲ್ಲ.

ದಸರಾ ಕಳೆದ ಮೇಲೆ ಲಿಖಿತಾ ಫೋನು ಮಾಡಿದಳು. ದೂರು ಎಲ್ಲೆಲ್ಲೋ ಸುತ್ತಿ ಬಂದು, ಇದೊಂದು ಸಲಕ್ಕೆ ಎಂದು ಹೊಸ ಕಾರ್ಡು ಕೊಟ್ಟು ಪಾಯಿಂಟುಗಳನ್ನೆಲ್ಲ ವಾಪಸು ಹಾಕಿದ್ದರು. ಕಾರ್ಡು ಬಂದದ್ದು ಮಂಗಳವಾರ, ರಾಹುಕಾಲದಲ್ಲಿ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕ ಬಾಗಿಲಲ್ಲೇ ಕವರು ಒಡೆದು, ಅವತ್ತೇ ಚಾಲೂ ಮಾಡಿಸಿ, ಎರಡು ಟಿನ್ ಎಣ್ಣೆ ತಂದಳು.

ಆ ಎಣ್ಣೆಯ ಪಾಯಿಂಟೂ ಸೇರಿ ಟಿಕೆಟ್ಟಿಗೆ ಸಾಕಾದ ಮಾರನೇ ವಾರ ಸಂಜೆ ಅವರ ಮನೆಯಲ್ಲಿ ಮೂವರೂ ಕೂತೆವು. ನನ್ನ ಕೈಯಲ್ಲಿ ಫೋನು. ಡಿಸೆಂಬರಿನ ಒಂದು ಬೆಳಗಿನ ವಿಮಾನ, ಎರಡು ಟಿಕೆಟ್. ಹೆಸರು ಹಾಕಿದೆ, ವಯಸ್ಸು ಹಾಕಿದೆ. ಸೀಟು ಆರಿಸಿ ಎಂದು ಚಿತ್ರ ಬಂತು. ಭಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಕಿಟಕಿ ಸೀಟು ಭಾವನಿಗೆ ಹಾಕ್ತೀನಿ" ಎಂದೆ, ಮಾತು ಸಹಜವಾಗಿ ಬರಲೆಂದು ಒದ್ದಾಡುತ್ತಾ.

"ಬೇಡ" ಎಂದಳು ಅಕ್ಕ. "ಕಿಟಕಿ ನನಗೆ ಹಾಕು. ನಾನು ನೋಡ್ದೆ ಅವರಿಗೆ ಹೇಗೆ ಹೇಳ್ಲಿ?"

ಕೆಳಗೆ ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ಭಾವ ಕೇಳಿದರು, "ಯಾವಾಗಿಂದ ಗೊತ್ತು ಉಮಾ?"

"ಯುಗಾದಿ ಚಂದ್ರನ್ನ ನೋಡೋಕೆ ತಾರಸಿಗೆ ಹೋಗಿದ್ವಲ್ಲ. ನಾನು ಈ ಕಡೆ ತೋರಿಸ್ತಿದ್ದೆ. ನೀವು ಎದುರುಮನೆ ಬಲ್ಬಿಗೆ ಕೈ ಮುಗಿದ್ರಿ."

ಭಾವ ಕೈ ಚಾಚಿ ಹುಡುಕಿದರು. ಅಕ್ಕ ತನ್ನ ಕೈಯನ್ನು ಅವರ ಕೈಯೊಳಗೆ ಇಟ್ಟಳು. ಫೋನಿನ ಪರದೆ ನನಗೆ ಮಂಜುಮಂಜಾಗಿ ಕಂಡಿತು. ಕಣ್ಣೊರೆಸಿಕೊಂಡು, ಕಿಟಕಿ ಸೀಟಿಗೆ ಅಕ್ಕನ ಹೆಸರು ಹಾಕಿದೆ.