ಟ್ಯಾಕ್ಸಿಯ ಹಿಂದೆ ಒಂದು ಜಗ್ ನೀರು

ಕೊಲ್ಲಿ ದೇಶದ ಗುದೈಬಿಯಾದಲ್ಲಿರುವ ನಮ್ಮ ಕಟ್ಟಡದ ಎದುರಿನಿಂದ ಏರ್‌ಪೋರ್ಟಿಗೆ ಟ್ಯಾಕ್ಸಿ ಹೊರಟದ್ದೇ ತಡ, ಪಕ್ಕದ ಫ್ಲ್ಯಾಟಿನ ಮೆಹ್ಮತ್ ಅದರ ಹಿಂದೆಯೇ ಒಂದು ಜಗ್ ನೀರು ಸುರಿದುಬಿಟ್ಟರು. ಒಳಗೆ ಕೂತಿದ್ದವಳು ಅವರ ಹೆಂಡತಿ ಎಮಿನೆ. ಭೂಕಂಪವಾದ ಮೇಲೆ ಮೊದಲ ಸಲ ಟರ್ಕಿಯ ತನ್ನ ಊರು ಆಂತೆಪ್‌ಗೆ ಹೊರಟಿದ್ದಳು.

ನಮ್ಮಲ್ಲಿ ಎಳ್ಳುನೀರು ಬಿಡುವುದು ತಿರುಗಿ ಬಾರದವರಿಗೆ! ನನ್ನ ಮುಖ ನೋಡಿಯೇ ಮೆಹ್ಮತ್ ನಕ್ಕು, ತಮ್ಮ ಅರೆಬರೆ ಹಿಂದಿಯಲ್ಲಿ ಹೇಳಿದರು: “ನೀರು ಹರಿದ ಹಾಗೆ ಸಲೀಸಾಗಿ ಹೋಗಿ ಬರಲಿ ಅಂತ, ದೀದಿ. ನಮ್ಮ ಪದ್ಧತಿ.”

ರಜೆ ಮುಗಿಸಿದ ಎಮಿನೆ ಸೀದಾ ನಮ್ಮ ಮನೆಗೇ ಬಂದಳು. ಕುಸಿದಿದ್ದ ಕೋಟೆಗೋಡೆಯನ್ನು ಮತ್ತೆ ಕಟ್ಟಿದ್ದಾರಂತೆ. ಹಳೇ ಪೇಟೆಯಲ್ಲಿ ತಾಮ್ರ ಬಡಿಯುವ ಸದ್ದು ನಿಂತಿಲ್ಲವಂತೆ. ಅಲ್ಲಿಯವರು ಬೆಳಿಗ್ಗೆ ತಿನ್ನುವ, ಪಿಸ್ತಾ ತುಂಬಿದ ‘ಕತ್ಮೆರ್’ ಎಂಬ ತೆಳು ಸಿಹಿರೊಟ್ಟಿಯನ್ನು ನನ್ನ ದೋಸೆ ಕಾವಲಿಯಲ್ಲೇ ಬಿಸಿ ಮಾಡಿ ನನ್ನ ಬಾಯಿಗಿಟ್ಟಳು.

ಕಳೆದ ರಜೆಯಲ್ಲಿ ಉಡುಪಿಗೆ ಹೊರಟಾಗ ಗಂಡನ ಕೈಗೆ ಜಗ್ ಕೊಟ್ಟು, “ಹೆದರ್ಬೇಡಿ, ಚೆಲ್ಲಿ ಮಾರಾಯ್ರೆ” ಎಂದೆ. ಇದನ್ನು ಬರೆಯುತ್ತಿರುವುದು ಗುದೈಬಿಯಾದ ಅದೇ ಅಡುಗೆಮನೆಯಲ್ಲಿ ಕೂತು.