ಓದಿ ಆತೇನ ತಂಗಿ?

ರೋಣದ ನಮ್ಮ ಓಣಿಯ ಕಡೆಯ ಮನೆಯಲ್ಲಿ ಆ ಮುದುಕಿ ಒಬ್ಬಳೇ ಇದ್ದಳು. ಹಳೆಯ ಕಾಗದ ನೆನೆಹಾಕಿ, ಮೆಂತ್ಯ ಕೂಡಿಸಿ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಬುಟ್ಟಿ ಮಾಡುತ್ತಿದ್ದಳು. ಅಂಚಿಗೆ ಕೆಮ್ಮಣ್ಣಿನಲ್ಲಿ ಬೆರಳಿನಿಂದಲೇ ಜೋಳದ ತೆನೆ ಬರೆಯುತ್ತಿದ್ದಳು. ಅಕ್ಷರ ಬಾರದು, ಆದರೂ ಯಾರು ಕಾಗದ ಕೊಟ್ಟರೂ ಕೇಳುವಳು: "ಓದಿ ಆತೇನ ತಂಗಿ? ಓದದ್ದನ್ನ ನೀರಿಗೆ ಹಾಕಬಾರದವ್ವ."

ಓಣಿಯ ಪತ್ರಗಳನ್ನೆಲ್ಲ ಅಂಚೆಯವನು ನಮ್ಮ ಮನೆಯ ಗೋಡೆಯ ಗೂಡಿನಲ್ಲೇ ಇಟ್ಟು ಹೋಗುತ್ತಿದ್ದ. ಓದಿ ಹೇಳುವ ಕೆಲಸ ಹೊಸ ಸೊಸೆಯಾದ ನನ್ನದು. ಸೋಲಾಪುರದ ಗಿರಣಿಗೆ ಹೋದ ತಮ್ಮನನ್ನು ಬಿಟ್ಟರೆ ಮುದುಕಿಗೆ ಯಾರೂ ಇರಲಿಲ್ಲ. ದಿನವೂ ಬಾಗಿಲಿಗೆ ಬಂದು ಕೇಳುವಳು: "ತಮ್ಮನ ಕಾಗದ ಬಂತೇನ?"

ಒಂದು ದಿನ ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿ, ಗೂಡಿನಲ್ಲಿದ್ದ ಕಾಗದವನ್ನೆಲ್ಲ ಬಾಚಿ ಅವಳಿಗೆ ಕೊಟ್ಟೆ.

"ಓದಿ ಆತೇನ ತಂಗಿ?"

"ಆಗೇತ್ರಿ ಆಯಿ," ಎಂದೆ, ನೋಡದೆಯೇ.

ವಾರದ ಮೇಲೆ ಬುಟ್ಟಿ ತಂದು ಕೈಗಿಟ್ಟಳು. "ನಿನ್ನ ಕಾಗದದ್ದವ್ವ, ನಿನಗ ಇರ್ಲಿ."

ಒಳಗೆ ತಳದಲ್ಲಿ, ನುಣ್ಣಗಾಗದ ಕಾರ್ಡಿನ ಚೂರೊಂದು ಉಳಿದಿತ್ತು. ಪೆನ್ಸಿಲ್ಲಿನ ಅಕ್ಷರ: "ಸೋಲಾಪುರ. ಅಕ್ಕಾ, ಬರೂ ಹುಣ್ಣಿವಿಗೆ ನಾ". ಮುಂದಿನದು ಬುಟ್ಟಿಯಾಗಿ ಹೋಗಿತ್ತು.

ಮರುದಿನವೂ ಬಂದಳು. "ಬಂತೇನ ತಂಗಿ?"

"ಇಲ್ರಿ ಆಯಿ."

ಅಷ್ಟರೊಳಗೆ ಆ ಬುಟ್ಟಿಯ ತಳ ಕಾಣದಂತೆ ನಾನು ಜೋಳ ಸುರಿದಿಟ್ಟಿದ್ದೆ, ಅವಳಿಗೆ ಓದಲು ಬಾರದೆಂದು ಗೊತ್ತಿದ್ದೂ.