ಅಣ್ಣ ಓದುತ್ತಿರಲಿಲ್ಲ

ಬೂದಿ ಬುಧವಾರದ ಹಿಂದಿನ ಸಂಜೆ ನಮ್ಮ ಯೇಸುಸ್ವಾಮಿ ಗುಡಿಯ ಹಿಂದೆ ಹೋದ ವರ್ಷದ ಗರಿಗಳ ಭಾನುವಾರದ ಒಣ ಗರಿಗಳನ್ನು ಸುಟ್ಟೆವು. ಮರುದಿನ ಜನರ ಹಣೆಗೆ ಹಚ್ಚುವ ಬೂದಿ ಅದರಿಂದಲೇ ಆಗಬೇಕು. ಹೊಗೆ ಮೂಗಿಗೆ ಬಡಿದದ್ದೇ ನಾನು ಹಿಂದೆ ಸರಿದೆ... ಅಣ್ಣನ ಕೈ ಸುಟ್ಟದ್ದು ನಾಲ್ಕು ವರ್ಷದ ಹಿಂದಿನ ಇಂಥದೇ ಒಂದು ಸಂಜೆ.

ಬೂದಿಗೆರೆ ಕಡೆಯ ಈ ಪುಟ್ಟ ಗುಡಿಗೆ ಆಗ ಅಣ್ಣ ಉಪದೇಶಿಯಾಗಿದ್ದ. ಫಾದರ್ ತಿಂಗಳಿಗೊಮ್ಮೆ ಬಂದು ಪೂಜೆ ಕೊಡುತ್ತಿದ್ದರು. ಉಳಿದ ಭಾನುವಾರ ಬೈಬಲಿನ ಶುಭಸಂದೇಶ ಓದುವುದು, ಮಕ್ಕಳಿಗೆ ಜಪ ಕಲಿಸುವುದು, ಸಾವಿನ ಮನೆಗೆ ಮೊದಲು ಹೋಗುವುದು ಎಲ್ಲ ಅವನೇ. ಆ ಸಂಜೆ ಬೂದಿ ತೆಗೆಯಲು ಹೋಗಿ ನೇರ ಕೆಂಡಕ್ಕೇ ಕೈ ಇಟ್ಟ.

"ಅಯ್ಯೋ, ಕಾಣಲ್ವೇನಣ್ಣ?" ಎಂದು ಚೀರಿದೆ.

"ಕಾಣಲ್ಲ ಕಣಮ್ಮ, ಬರೀ ನೆರಳು ನೆರಳಷ್ಟೇ. ವರ್ಷವೇ ಆಯ್ತು. ಯಾರ್ಗೂ ಹೇಳ್ಬೇಡ."

ಹಾಗಾದರೆ ಪ್ರತಿ ಭಾನುವಾರ ಪುಸ್ತಕ ಹಿಡಿದು ಹೇಳುತ್ತಿದ್ದದ್ದೆಲ್ಲ ಹಳೆಯ ನೆನಪಿನಿಂದ...

ನೆನಪು ಕೈಕೊಡಬಾರದೆಂದು ಅಂದಿನಿಂದ ಪ್ರತಿ ಶನಿವಾರ ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ, ಅವನು ಬಾಯಿಪಾಠ ಮಾಡುತ್ತಿದ್ದ. ಮರುದಿನ ಅವನು ಪುಸ್ತಕ ಬಿಡಿಸಿ ನಿಂತರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಒಂದು ಶನಿವಾರ ನಾನು ಪದೇಪದೇ ತಡವರಿಸಿದೆ. "ನಾಕ್ನೇ ಕ್ಲಾಸಿನ ಓದು ಇಷ್ಟೇ ಬಿಡು," ಎಂದು ನಕ್ಕ. ಅವನು ತಮಾಷೆಗೇ ಹೇಳಿದ್ದು. ಆದರೆ ಅವನು ಓದಲಿ ಎಂದೇ ನನ್ನನ್ನು ನಾಲ್ಕಕ್ಕೇ ಶಾಲೆ ಬಿಡಿಸಿದ್ದರು.

ಮರುದಿನ ಫಾದರ್ ಬಂದಿದ್ದರು. ಮೂರು ವರ್ಷಕ್ಕೊಮ್ಮೆ ಉಪದೇಶಿಯನ್ನು ಆರಿಸುವ ಭಾನುವಾರ ಅದು. "ಇಷ್ಟು ಚೆನ್ನಾಗಿ ಓದೋರು ಪಟ್ಟಣದಲ್ಲೂ ಇಲ್ಲ. ಇವರೇ ಮುಂದುವರೀಲಿ. ಯಾರ್ಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದು ಕೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತಿದ್ದೆ.

"ಅಣ್ಣ ಓದಲ್ಲ ಫಾದರ್. ಅವನಿಗೆ ಕಣ್ಣೇ ಕಾಣಲ್ಲ."

ಅಣ್ಣ ಪುಸ್ತಕ ಮುಚ್ಚಿದ.

"ನಿಜ ಫಾದರ್. ನನ್ ತಂಗೀನೇ ಓದಿ ಹೇಳ್ತಿದ್ಲು. ಅವಳನ್ನೇ ಮಾಡಿ, ನನಗಿಂತ ಚೆನ್ನಾಗಿ ನಡೆಸ್ತಾಳೆ."

ಬೈಯುತ್ತಾನೆ ಎಂದುಕೊಂಡಿದ್ದೆ, ಅಳುತ್ತಾನೆ ಎಂದುಕೊಂಡಿದ್ದೆ. ಇದನ್ನು ನಿರೀಕ್ಷಿಸಿರಲಿಲ್ಲ. ಫಾದರ್ ನನ್ನ ಹೆಸರು ಬರೆದುಕೊಂಡರು. ಬೇಡ ಎನ್ನಲು ನನ್ನ ನಾಲಿಗೆ ಏಳಲಿಲ್ಲ... ನಾನೇ ಏಳಿಸಲಿಲ್ಲ ಎನ್ನುವುದೇ ಸರಿ.

ಆಮೇಲೆ ಅಣ್ಣ ಕಡೇ ಸಾಲಿನಲ್ಲಿ ಕೂರತೊಡಗಿದ. ಯಾಕೆ ಹೇಳಿದೆ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಲಿ ಎಂದು ನಾನು ಕಾದೆ. ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವನ ಮಣ್ಣಿನ ದಿನ ಶುಭಸಂದೇಶ ಓದಿದವಳು ನಾನೇ.

ಗುಡಿಯ ಒಳ್ಳೆಯದಕ್ಕಾಗಿ ನಿಜ ನುಡಿದವಳು ಎಂದು ಊರು ನನ್ನನ್ನು ನಂಬಿದೆ. ನಾನು ಹೇಳಿದ್ದು ಹೊಟ್ಟೆಕಿಚ್ಚಿಗೆ. ಬರುವ ಭಾನುವಾರ ಮತ್ತೆ ಆಯ್ಕೆ. ನನ್ನ ಹೆಸರು ಹೇಳಿ, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಫಾದರ್ ಕೇಳುತ್ತಾರೆ. ಎದ್ದು ನಿಂತು ಹೇಳಬಲ್ಲವನು ಒಬ್ಬನೇ ಇದ್ದ. ಬದುಕಿದ್ದರೂ ಅವನು ಹೇಳುತ್ತಿರಲಿಲ್ಲ.